ಮೂಳೆ ತೆಗೆದ ಮಾತ್ರೆ

ನನ್ನ ಸ್ಕೂಟರಿನ ಕೀಲಿಕೈ ಅತ್ತೆಯ ಎಲೆಅಡಿಕೆ ಸಂಚಿಗೆ ಸೇರಿದ್ದು ಆಷಾಢದಲ್ಲಿ. ಘಟನೆ ನಡೆದ ಸ್ಥಳ ಬಸ್ತಿಹಳ್ಳಿ. ಕಣ್ಣಾರೆ ಕಂಡವರು ಒಂದು ಪ್ರವಾಸಿ ಜೋಡಿ ಮತ್ತು ಎಳನೀರು ಮಾರುವವನೊಬ್ಬ. ಗಾಯಗಳಿಲ್ಲ. ಜಿಲ್ಲಾ ಪತ್ರಿಕೆಗೆ ಅರಸೀಕೆರೆಯಿಂದ ಸುದ್ದಿ ಕಳಿಸುವವಳಾಗಿ ಇಂಥದ್ದಕ್ಕೆ ನಾನು ಒಳಪುಟದಲ್ಲಿ ಮೂರು ಸಾಲೂ ಕೊಡುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಅದು ಮುಖಪುಟಕ್ಕೆ ಹೋಯಿತು.

ಸ್ಕೂಟರು ನನಗೆ ಏನಾಗಿತ್ತು ಅನ್ನುವುದನ್ನು ಮೊದಲು ಹೇಳಬೇಕು. ಅದಕ್ಕೂ ಮುಂಚೆ ನಾನು ಏನಾಗಿದ್ದೆ ಅನ್ನುವುದನ್ನು.

ಬಸ್ಸಿನಲ್ಲಿ ಮೂವರು ಕೂರುವ ಸೀಟಿನಲ್ಲಿ ನಾನು ಕೂತರೆ ಪಕ್ಕದಲ್ಲಿ ಒಬ್ಬರು ಮಾತ್ರ ಕೂರಬಹುದಿತ್ತು, ಅವರೂ ಒಂದು ಕಾಲನ್ನು ದಾರಿಗೆ ಚಾಚಿಕೊಂಡು. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಮೇಲೆ ಹೋದರೆ ಅಧಿಕಾರಿಯನ್ನು ಪ್ರಶ್ನೆ ಕೇಳುವಷ್ಟು ಉಸಿರು ಬರುವ ಹೊತ್ತಿಗೆ ಅವರು ಊಟಕ್ಕೆ ಎದ್ದಿರುತ್ತಿದ್ದರು. ಸಕ್ಕರೆ ಕಾಯಿಲೆ, ಮಂಡಿ ನೋವು, ರಾತ್ರಿ ಗೊರಕೆ. ಕೊನೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯನ್ನು ಕಿರಿದು ಮಾಡಿಸಿಕೊಂಡೆ. ಹೊಟ್ಟೆಯನ್ನು ಒಂದು ಪುಟ್ಟ ಚೀಲದಷ್ಟು ಮಾಡಿ, ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದಿನ ಭಾಗಕ್ಕೆ ಜೋಡಿಸುವ ಆಪರೇಷನ್ನು. ಡಾಕ್ಟರು ಚಿತ್ರ ಬರೆದು ತೋರಿಸಿದರೂ ನಮ್ಮ ಬೀದಿಯವರಿಗೆ ಅರ್ಥ ಮಾಡಿಸಿದ್ದು ನಮ್ಮತ್ತೆ.

"ಕರುಳಿಗೆ ಬೈಪಾಸ್ ರೋಡ್ ಹಾಕವ್ರೆ ಕಣ್ರವ್ವ. ಬೈಪಾಸ್ ಆದ್ಮೇಲೆ ಬಸ್ಸು ಊರೊಳಿಕ್ಕೆ ಬರಲ್ವಲ್ಲ, ಹಂಗೆ. ಉಂಡಿದ್ದು ಸೀದಾ ಹೊಂಟೋಯ್ತದೆ. ಅದ್ಕೇ ಇವ್ಳು ಸಾಯೋಗಂಟ ಮಾತ್ರೆ ನುಂಗ್ಬೇಕು."

ಆ ವಿವರಣೆಯಲ್ಲಿ ತಿದ್ದುವಂಥದ್ದು ನನಗೆ ಏನೂ ಕಾಣಲಿಲ್ಲ. ಊಟದಲ್ಲಿನ ಕಬ್ಬಿಣ, ಬಿ ಹನ್ನೆರಡು, ಡಿ, ಸುಣ್ಣದಂಶ ಇವೆಲ್ಲ ಇಳಿಯಬೇಕಾದ ನಿಲ್ದಾಣದಲ್ಲಿ ಇನ್ನು ಸರಿಯಾಗಿ ಇಳಿಯುವುದಿಲ್ಲ. ಅವುಗಳನ್ನು ದಿನವೂ ಮಾತ್ರೆಯಾಗಿ ಒಳಕ್ಕೆ ಕಳಿಸಬೇಕು. ಬದುಕಿರುವವರೆಗೂ.

ವರ್ಷ ತುಂಬುವುದರೊಳಗೆ ನನ್ನ ಮೈಯಿಂದ ಹೆಚ್ಚುಕಡಿಮೆ ಒಂದು ಮೂಟೆ ಯೂರಿಯಾದಷ್ಟು ತೂಕ ಇಳಿದುಹೋಯಿತು. ಅತಿಶಯೋಕ್ತಿ ಬರೆದು ಅಭ್ಯಾಸವಿಲ್ಲ, ಆದರೂ ಬರೆಯುತ್ತೇನೆ: ಆಗ ನನಗೆ ನೆಲ ತಾಗುತ್ತಿರಲಿಲ್ಲ. ಕಾಲ ಮೇಲೆ ಕಾಲು ಹಾಕಿ ಕೂರುವುದು ಸಾಧ್ಯವಾದ ದಿನ ಪುರಸಭೆಯ ಸಾಮಾನ್ಯ ಸಭೆ ಇತ್ತು. ಪತ್ರಕರ್ತರ ಬೆಂಚಿನಲ್ಲಿ ಕೂತು ಒಮ್ಮೆ ಬಲಗಾಲು ಮೇಲೆ, ಒಮ್ಮೆ ಎಡಗಾಲು ಮೇಲೆ ಹಾಕುತ್ತ, ಒಳಚರಂಡಿ ಚರ್ಚೆಯ ಉದ್ದಕ್ಕೂ ನಗುತ್ತಿದ್ದೆ. ಆಮೇಲೆ ಸದಸ್ಯರೊಬ್ಬರು ಬಂದು, "ಮೇಡಂ, ನಾನು ಮಾತಾಡಿದ್ದರಲ್ಲಿ ಏನಾದ್ರೂ ತಪ್ಪಿತ್ತಾ?" ಎಂದು ಕೇಳಿದರು. ಕೊಬ್ಬರಿ ಮಂಡಿಯ ಒಬ್ಬ ಸಾಹುಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಕ್ಕ, ಮಿಕ್ಕಿದ್ದು ಎಲ್ಲಿಟ್ಟು ಬಂದ್ರಿ?" ಅಂದರು. "ಬೆಂಗಳೂರಲ್ಲಿ" ಎಂದೆ. "ಒಳ್ಳೇ ಜಾಗ. ಅಲ್ಲಿ ಎಷ್ಟಿದ್ರೂ ಯಾರ್ಗೂ ಗೊತ್ತಾಗಲ್ಲ."

ಆಗಲೇ ಸ್ಕೂಟರು ಕಲಿತದ್ದು. ನಲವತ್ತಾರು ದಾಟಿತ್ತು. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಭಾನುವಾರ ಶಾಲೆಯ ಮೈದಾನದಲ್ಲಿ ಅವರು ಹಿಂದಿನ ಹಿಡಿ ಹಿಡಿದು ಓಡುತ್ತ ಕಲಿಸಿದರು. ಎರಡು ಸುತ್ತಿಗೆ ಏದುಸಿರು ಬಿಟ್ಟು ಧ್ವಜಸ್ತಂಭದ ಕಟ್ಟೆಯ ಮೇಲೆ ಕೂತದ್ದು ಅವರು. ನಾನು ಒಬ್ಬಳೇ ಇನ್ನೂ ಸುತ್ತುತ್ತಿದ್ದೆ. ನಿಲ್ಲಿಸುವುದು ಹೇಗೆಂದು ಆವತ್ತು ಅವರು ಇನ್ನೂ ಹೇಳಿಕೊಟ್ಟಿರಲಿಲ್ಲ ಅನ್ನುವುದೂ ಒಂದು ಕಾರಣ.

ಆಮೇಲೆ ನನ್ನನ್ನು ಹಿಡಿಯುವವರು ಇರಲಿಲ್ಲ. ಕಣಕಟ್ಟೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹೊರಟೆ. ಜಾವಗಲ್ಲಿನಲ್ಲಿ ಸಂತೆಗೆ ಹೊಸ ಜಾಗ ಅಂದರೆ ಹೊರಟೆ. ಹಳೇಬೀಡಿನ ಕೆರೆ ತುಂಬಿದರೆ ಹೊರಟೆ, ತುಂಬದಿದ್ದರೂ ಹೊರಟೆ. ಇಪ್ಪತ್ತು ವರ್ಷ ನಾನು ಬಸ್ಸಿನ ವೇಳೆ ನೋಡಿಕೊಂಡು ಸುದ್ದಿ ಮಾಡಿದವಳು. ಸಂಜೆ ಕೊನೆಯ ಬಸ್ಸು ತಪ್ಪೀತೆಂದು ಅರ್ಧ ಕೇಳಿ ಎದ್ದು ಬಂದ ಸುದ್ದಿಗಳು ಎಷ್ಟೋ. ಈಗ ಜನ ಮಾತು ಮುಗಿಸುವವರೆಗೂ ಕೂತಿರಬಹುದಿತ್ತು. ಬೇಲೂರಿಗೆ ಹೋದವಳು ಯಗಚಿಯ ಸೇತುವೆ ಮೇಲೆ ಗಾಡಿ ನಿಲ್ಲಿಸಿ, ಕೆಲಸವಿಲ್ಲದೆ ಹತ್ತು ನಿಮಿಷ ನಿಂತು, ತಿರುಗಿ ಬಂದದ್ದೂ ಉಂಟು. ಪತ್ರಿಕೆಯ ಜಿಲ್ಲಾ ಕಚೇರಿಯಿಂದ ಫೋನು ಬರತೊಡಗಿತು: "ಮೇಡಂ, ಸ್ವಲ್ಪ ಕಡಿಮೆ ಕಳಿಸಿ, ಜಾಗ ಇಲ್ಲ."

ಇನ್ನು ಮಾತ್ರೆಗಳ ವಿಷಯ. ನಮ್ಮ ಮನೆಯ ಒಂದು ಕಟ್ಟಳೆ ಹೇಳದೆ ಅದು ತಿಳಿಯುವುದಿಲ್ಲ. ನಾವು ಬಾಡು, ಅಂದರೆ ಮಾಂಸ, ತಿನ್ನುವವರು, ಆದರೆ ಅದು ಅಡುಗೆಮನೆಯೊಳಕ್ಕೆ ಬರುವಂತಿಲ್ಲ. ಅಡುಗೆಮನೆಯ ಗೋಡೆಯಲ್ಲೇ ದೇವರ ಗೂಡು ಇದೆ. ಬಾಡಿನ ಅಡುಗೆಗೆ ಹಿತ್ತಿಲಿನಲ್ಲಿ ತಗಡಿನ ಕೆಳಗೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಉಪ್ಪಿನ ಡಬ್ಬಿ. ಆ ಪಾತ್ರೆಗಳನ್ನು ತೊಳೆಯುವುದೂ ಅಲ್ಲೇ, ಬೋರಲು ಹಾಕುವುದೂ ಅಲ್ಲೇ. ಕಣಕಟ್ಟೆಯ ತವರಿನಿಂದ ಅತ್ತೆ ತಂದ ಪದ್ಧತಿ ಇದು. ಅದು ತಪ್ಪಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ.

ನನ್ನ ಮಾತ್ರೆಗಳ ಡಬ್ಬ ಇದ್ದದ್ದು ಅಡುಗೆಮನೆಯಲ್ಲಿ, ದೇವರ ಗೂಡಿನ ಪಕ್ಕದ ಶೆಲ್ಫಿನಲ್ಲಿ. ಉಸ್ತುವಾರಿ ಅತ್ತೆಯದು. ಬೆಳಿಗ್ಗೆ ದೀಪ ಹಚ್ಚಿ, ದೇವರಿಗೆ ಕೈ ಮುಗಿದು, ಅದೇ ಕೈಯಲ್ಲಿ ನನ್ನ ಮಾತ್ರೆ ತೆಗೆದಿಡುತ್ತಿದ್ದರು.

ಯುಗಾದಿಯ ಮಾರನೇ ದಿನ ಹೊಸತೊಡಕು. ಬಾಡೂಟಕ್ಕೆ ನಮ್ಮ ಮನೆಯವರ ಅಕ್ಕನ ಮಗಳು ಬಂದಿದ್ದಳು. ಫಾರ್ಮಸಿ ಓದುವ ಹುಡುಗಿ. ಅತ್ತೆ ಹಿತ್ತಿಲಿನಲ್ಲಿ ಸಾರು ಕುದಿಸುತ್ತಿದ್ದರು, ಅವಳು ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಯಾವ ಮಾತಿಗೆ ಯಾವ ಮಾತು ಬಂತೋ, "ಅಜ್ಜಿ, ಅತ್ತೆ ನುಂಗೋ ಆ ಕಬ್ಬಿಣದ ಕ್ಯಾಪ್ಸೂಲ್ ಇದ್ಯಲ್ಲ, ಅದರ ಸಿಪ್ಪೆ ಯಾವುದ್ರಲ್ಲಿ ಮಾಡ್ತಾರೆ ಗೊತ್ತಾ? ದನದ ಮೂಳೆ, ಚರ್ಮ ಬೇಯ್ಸಿ ಅಂಟು ತೆಗೀತಾರಲ್ಲ, ಅದ್ರಲ್ಲಿ" ಅಂದಳು. ಅವಳ ಅತ್ತೆ ಎಂದರೆ ನಾನು.

ಅತ್ತೆಯ ಸೌಟು ನಿಂತಿತು.

"ಯಾವ್ದು? ದೇವರ ಗೂಡಿನ್ ತಾವ ಐತಲ್ಲ, ಅದಾ?"

"ಹೂಂ ಅಜ್ಜಿ."

"ಅಯ್ಯೋ ನನ್ ಶಿವ್ನೇ! ದಿನಾ ಬೆಳಿಗ್ಗೆ ಮಡೀಲಿ ಮೂಳೆ ಮುಟ್ತಿದ್ನಾ?"

ಆ ಸಂಜೆ ಮನೆಯಲ್ಲಿ ಮಾತುಕತೆ ನಡೆಯಿತು. ಮಾತ್ರೆ ನಿಲ್ಲಿಸುವಂತಿಲ್ಲ, ಅದು ಅತ್ತೆಗೂ ಗೊತ್ತು. ಮೂಳೆ ಅಡುಗೆಮನೆಯಲ್ಲಿ ಇರುವಂತಿಲ್ಲ, ಅದು ನನಗೂ ಗೊತ್ತು. ನಮ್ಮ ಮನೆಯವರು ಎರಡು ಕಡೆಯವರಿಗೂ ಹಿತವಾಗುವ ಒಂದು ಸಮೀಕರಣ ಮುಂದಿಟ್ಟರು. "ಔಷಧಿ ಒಳಗಡೆ ಪುಡಿ ಕಣವ್ವ. ಸಿಪ್ಪೆ ಬರೀ ಪ್ಯಾಕಿಂಗು. ಸಿಪ್ಪೆ ಬಿಚ್ಚಿ ಬಿಸಾಕಿದ್ರೆ ಆಯ್ತು." ಬಾಳೆಹಣ್ಣನ್ನು ಸಿಪ್ಪೆ ಸಮೇತ ತಿನ್ನುವವರು ಯಾರು? ನನಗೂ ಸರಿ ಅನ್ನಿಸಿತು. ಒಂದು ಸುದ್ದಿಯನ್ನು ಇಬ್ಬರ ಬಾಯಿಂದ ಕೇಳದೆ ಅಚ್ಚಿಗೆ ಕಳಿಸದ ನಾನು, ಈ ವಿಷಯದಲ್ಲಿ ಒಬ್ಬ ಗಣಿತ ಮೇಷ್ಟ್ರ ಮಾತನ್ನು ಹಾಗೇ ಒಪ್ಪಿಕೊಂಡೆ.

ಕ್ಯಾಪ್ಸೂಲಿನ ಪಟ್ಟಿ ಅಡುಗೆಮನೆಯಿಂದ ನನ್ನ ಬೀರುವಿಗೆ ಹೋಯಿತು. ಮರುದಿನದಿಂದ ಮೂಳೆ ತೆಗೆಯುವ ಕೆಲಸ ಶುರುವಾಯಿತು. ಅತ್ತೆ ಹಿತ್ತಿಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅವರೆಕಾಳು ಹಿದುಕುವ ನಯದಲ್ಲಿ ಕ್ಯಾಪ್ಸೂಲನ್ನು ಹಿದುಕುತ್ತಿದ್ದರು. ಕೆಂಪು ಟೋಪಿ ಒಂದು ಕಡೆ, ಕೆಂಪು ಚಡ್ಡಿ ಒಂದು ಕಡೆ. ಒಳಗಿನ ಕಾಳುಗಳು ಬಟ್ಟಲಿಗೆ. ಸಿಪ್ಪೆಯನ್ನು ಕೋಳಿಗೆ ಎಸೆದರೆ ಕೋಳಿ ಒಮ್ಮೆ ಕುಕ್ಕಿ ನೋಡಿ ಮುಖ ತಿರುಗಿಸುತ್ತಿತ್ತು. ಆಮೇಲೆ ಕೈ ತೊಳೆದು ಒಳಗೆ ಬಂದು, ಆ ಕಾಳುಗಳನ್ನು ಗಟ್ಟಿ ಹಾಲಿನಲ್ಲಿ ಕಾಯಿಸಿದ ರಾಗಿ ಮಾಲ್ಟಿಗೆ ಕದಡುತ್ತಿದ್ದರು. ಮಾತ್ರೆಯೆಂದರೆ ಉಷ್ಣ, ಹಾಲೆಂದರೆ ತಂಪು, ಎರಡೂ ಸೇರಿದರೆ ಮೈಗೆ ಹಿತ. ಇದು ಅತ್ತೆ ನನಗಾಗಿ ತಮ್ಮ ಕೈಯಿಂದ ಸೇರಿಸಿದ್ದು. ತುಕ್ಕು ಹಿಡಿದ ಗೇಟನ್ನು ಬೆಲ್ಲ ಹಚ್ಚಿ ನೆಕ್ಕಿದಂಥ ರುಚಿ. ನಾನು ಒಂದು ದಿನವೂ ಲೋಟದಲ್ಲಿ ತಳ ಬಿಡಲಿಲ್ಲ.

ಯುಗಾದಿ ಕಳೆದು ಬೇಸಿಗೆ ಹೋಯಿತು, ಮುಂಗಾರು ಬಂತು. ಮೆಟ್ಟಿಲು ಹತ್ತಿದರೆ ಹಳೆಯ ಏದುಸಿರು ಹೊಸದಾಗಿ ಬರತೊಡಗಿತು. ಕೂತು ಎದ್ದರೆ ಕಣ್ಣ ಮುಂದೆ ಮಿಣುಕು. ಖುಷಿ ಹೆಚ್ಚಾದದ್ದಕ್ಕೆ ಹೀಗೆ ಅಂದುಕೊಂಡೆ. ಆ ದಿನಗಳಲ್ಲಿ ನನ್ನ ಎಲ್ಲಕ್ಕೂ ಅದೊಂದೇ ವಿವರಣೆ ಇತ್ತು.

ಆಷಾಢದ ಆ ದಿನ ಹಳೇಬೀಡಿಗೆ ಹೋದವಳು ಬಸ್ತಿಹಳ್ಳಿಯ ಬಸದಿಗಳ ಹತ್ತಿರ ದಾರಿದೀಪ ಕೆಟ್ಟಿರುವುದನ್ನು ನೋಡಲು ಹೋಗಿದ್ದೆ. ಪಾರ್ಶ್ವನಾಥ ಬಸದಿಯ ಒಳಗೆ ಕನ್ನಡಿಯಂತೆ ಹೊಳಪು ಕೊಟ್ಟ ಕಪ್ಪು ಕಂಬಗಳಿವೆ. ಕಂಬದ ಮುಂದೆ ನಿಂತರೆ ನಮ್ಮ ರೂಪ ಕಾಣುತ್ತದೆ. ಒಂದು ಹೆಜ್ಜೆ ಸರಿದರೆ ಇನ್ನೊಂದು ರೂಪ. ದಪ್ಪಗಿದ್ದಾಗ ಆ ಕಂಬಗಳ ಹತ್ತಿರ ನಾನು ಸುಳಿಯುತ್ತಿರಲಿಲ್ಲ. ಈಗ ಪ್ರತಿ ಸಲವೂ ಒಂದು ಸುತ್ತು ಹಾಕಿ ಬರುತ್ತಿದ್ದೆ. ಆವತ್ತು ಒಂದು ಕಂಬದಲ್ಲಿ ನಾನು ಇಬ್ಬರಾದೆ. ಚೆನ್ನಾಗಿದೆ ಅನ್ನಿಸಿತು. ಮೂವರಾದೆ. ಆಮೇಲೆ ಕಂಬಗಳೆಲ್ಲ ಕೈಕೈ ಹಿಡಿದು ತಿರುಗತೊಡಗಿದವು. ನಾನು ನಿಧಾನವಾಗಿ, ಗೌರವದಿಂದ, ನೆಲದ ಮೇಲೆ ಕೂತೆ.

ಕಣ್ಣು ತೆರೆದಾಗ ಎಳನೀರಿನವನು ಗಾಳಿ ಬೀಸುತ್ತಿದ್ದ. ಪ್ರವಾಸಿ ಹೆಂಗಸು ನನ್ನ ಫೋನಿನಿಂದ ಮನೆಗೆ ಫೋನು ಮಾಡಿಯಾಗಿತ್ತು. ನಮ್ಮ ಮನೆಯವರು ಶಾಲೆಗೆ ಅರ್ಧ ದಿನ ರಜೆ ಹಾಕಿ ಬಸ್ಸಿನಲ್ಲಿ ಬಂದರು. ನನ್ನನ್ನು ಹಿಂದೆ ಕೂರಿಸಿಕೊಂಡು ನನ್ನದೇ ಗಾಡಿ ಓಡಿಸಿದರು. ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮಗನ ಮುಂದೆ ಕೈ ಚಾಚಿದರು, ಮಗ ಕೀಲಿಕೈ ಕೊಟ್ಟರು. ಅದು ಎಲೆಗೂ ಸುಣ್ಣದ ಡಬ್ಬಿಗೂ ನಡುವೆ ಸೇರಿ, ಸಂಚಿಯ ಬಾಯಿ ಬಿಗಿಯಿತು.

"ಗಾಡಿ ಮೇಲೆ ತಲೆ ತಿರುಗಿದ್ರೆ ಏನೇ ಗತಿ? ಲಾರಿ ಗೀರಿ ಬಂದಿದ್ರೆ? ರಕ್ತ ಸರಿ ಐತೆ ಅಂತ ಡಾಕ್ಟ್ರು ಹೇಳೋಗಂಟ ನೀನು ಬಸ್ಸೇ."

"ಅತ್ತೆ, ನನ್ನ ಕೆಲಸ..."

"ಕೆಲ್ಸ ಇರ್ತದೆ ಕಣೇ. ನೀನು ಇರ್ಬೇಕಲ್ಲ."

ಮತ್ತೆ ಮೂವರ ಸೀಟಿಗೆ ಬಂದೆ. ಈಗ ನನ್ನ ಪಕ್ಕ ಇಬ್ಬರು ಆರಾಮಾಗಿ ಕೂರುತ್ತಿದ್ದರು. ಅದೊಂದೇ ಸಮಾಧಾನ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಪಾತಾಳದಲ್ಲಿತ್ತು. ಆಸ್ಪತ್ರೆಯ ಆಹಾರ ತಜ್ಞೆ ವಿಡಿಯೋ ಕರೆಯಲ್ಲಿ ಬಂದರು. ಚಿಕ್ಕ ವಯಸ್ಸಿನ, ಗಟ್ಟಿ ದನಿಯ ಹೆಣ್ಣುಮಗಳು.

"ಮೇಡಂ, ನಿಜ ಹೇಳಿ. ಕ್ಯಾಪ್ಸೂಲ್ ಬಿಡ್ತಿದ್ದೀರಾ?"

"ಒಂದು ದಿನವೂ ಬಿಟ್ಟಿಲ್ಲ."

"ಎಲ್ಲರೂ ಹೀಗೇ ಹೇಳ್ತಾರೆ."

ಇಪ್ಪತ್ತು ವರ್ಷ ಅಧಿಕಾರಿಗಳಿಗೆ ನಾನು ಹೇಳಿದ್ದ ಮಾತು ನನಗೇ ಬಂತು. ಕೆರಳಿದೆ. ಪಕ್ಕದಲ್ಲಿದ್ದ ಅತ್ತೆ ನನಗಿಂತ ಹೆಚ್ಚು ಕೆರಳಿದರು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ತಮ್ಮ ಹಣೆ ಮಾತ್ರ ಕಾಣುವಂತೆ ಹಿಡಿದರು.

"ಅಮ್ಮಣ್ಣಿ, ಬಿಡಕ್ಕೆ ನಾನ್ ಬಿಡ್ತೀನಾ? ದಿನಾ ನಾನೇ ಕಲ್ಸಿ ಕೊಡ್ತೀನಿ ಕಣವ್ವ."

"ಕಲ್ಸಿ? ಯಾವುದ್ರಲ್ಲಿ ಅಜ್ಜಿ?"

"ಹಾಲಲ್ಲಿ. ನೀರು ಹಾಕ್ದಿರೋ ಗಟ್ಟಿ ಹಾಲು. ರಾಗಿ ಮಾಲ್ಟು. ಸುಣ್ಣದ ಮಾತ್ರೇನೂ ಅದ್ರ ಜೊತೇಲೇ. ಲೋಟ ತೋರುಸ್ಲಾ?" ಲೋಟ ತಂದು ಕ್ಯಾಮೆರಾಕ್ಕೆ ಹಿಡಿದರು. ಆ ಕಡೆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ಕಾಣಿಸಿತು.

ಅವಳು ಬಿಡಿಸಿ ಹೇಳಿದಳು. ಹಾಲು, ಸುಣ್ಣದ ಮಾತ್ರೆ, ಕಾಫಿ, ಟೀ ಇವು ಯಾವುವೂ ಕಬ್ಬಿಣದ ಹತ್ತಿರ ಸುಳಿಯಬಾರದು. ಒಟ್ಟಿಗೆ ಹೋದರೆ ಕಬ್ಬಿಣವನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ಎರಡರ ನಡುವೆ ಎರಡು ಗಂಟೆಯಾದರೂ ಬಿಡುವಿರಬೇಕು. ಕ್ಯಾಪ್ಸೂಲನ್ನು ಬಿಚ್ಚಬಾರದು, ಹಾಗೇ ನುಂಗಬೇಕು. ಜೊತೆಗೆ ನಿಂಬೆಹಣ್ಣಿನ ನೀರು ಒಳ್ಳೆಯದು. ಮುಂದಿನ ಪರೀಕ್ಷೆಗೂ ರಕ್ತ ಏರದಿದ್ದರೆ ಆಸ್ಪತ್ರೆಗೆ ಬಂದು ಡ್ರಿಪ್ ಹಾಕಿಸಿಕೊಳ್ಳಬೇಕು.

ಕರೆ ಮುಗಿಯಿತು. ಅತ್ತೆ ಲೋಟ ಹಿಡಿದುಕೊಂಡೇ ನಿಂತಿದ್ದರು.

"ಅಂದ್ರೆ ಇಷ್ಟು ದಿನ ನಾನೇ ನಿನ್ ರಕ್ತ ಕುಡುದ್ನಾ?"

"ಇಲ್ಲ ಅತ್ತೆ. ಸಿಪ್ಪೆ ಪ್ಯಾಕಿಂಗು ಅಂದದ್ದು ನಿಮ್ಮ ಮಗ."

ತಾಯಿ ಮಗನನ್ನು ನೋಡಿದರು. ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದ ಮೇಷ್ಟ್ರು ತಲೆ ಎತ್ತಲಿಲ್ಲ. "ಏನ್ಲಾ, ಲೆಕ್ಕದ ಮೇಷ್ಟ್ರೇ, ಊರ ಮಕ್ಳಿಗೂ ಹಿಂಗೇ ಹೇಳ್ಕೊಡ್ತೀಯಾ?" ಎಂದರು ಅತ್ತೆ. ಅಷ್ಟು ಸಾಕಾಯಿತು. ನಗು ನನ್ನಿಂದ ಶುರುವಾಗಿ ಅವರಿಗೆ ಹರಿದು, ಇಬ್ಬರೂ ಗೋಡೆಗೆ ಒರಗಿ ಕೂತು ನಕ್ಕೆವು. ಮೇಷ್ಟ್ರು ಯಾವುದೋ ಹುಡುಗನ ಮೇಲೆ ಸಿಟ್ಟು ತೀರಿಸಿಕೊಂಡು ಸೊನ್ನೆ ಹಾಕಿದ್ದು ನನಗೆ ಕಂಡಿತು. ಆಮೇಲೆ ಅದನ್ನು ಅಳಿಸಿದರು ಅನ್ನುವುದನ್ನೂ ದಾಖಲಿಸುತ್ತೇನೆ.

ಮೂಳೆಯ ಪ್ರಶ್ನೆ ಹಾಗೇ ಉಳಿದಿತ್ತು. ಮಾರನೇ ಬೆಳಿಗ್ಗೆ ಅತ್ತೆ ಅದನ್ನೂ ಬಗೆಹರಿಸಿಟ್ಟಿದ್ದರು. ಕ್ಯಾಪ್ಸೂಲಿನ ಪಟ್ಟಿಯನ್ನು ನನ್ನ ಬೀರುವಿನಿಂದ ತೆಗೆದು, ಹಿತ್ತಿಲಿನ ತಗಡಿನ ಕೆಳಗೆ, ಬಾಡಿನ ಪಾತ್ರೆಗಳ ಸಾಲಿನಲ್ಲಿ, ಒಂದು ಸ್ಟೀಲ್ ಡಬ್ಬಿಯೊಳಗೆ ಇಟ್ಟಿದ್ದರು.

"ಮೂಳೇನ ಮೂಳೆ ಜಾಗದಲ್ಲಿ ಇಕ್ಕಿವ್ನಿ. ಇಲ್ಲೇ ನುಂಗು, ಇಲ್ಲೇ ಬಾಯಿ ಮುಕ್ಕಳ್ಸು, ಆಮೇಲ್ ಒಳಿಕ್ಕೆ ಬಾ."

ಹೀಗೆ ನಾನು ದಿನವೂ ಬೆಳಿಗ್ಗೆ ಹಿತ್ತಿಲಿಗೆ ಹೋಗಿ ಒಂದು ಕ್ಯಾಪ್ಸೂಲಿನಷ್ಟು ಬಾಡೂಟ ಮಾಡತೊಡಗಿದೆ. ಶ್ರಾವಣ ಬಂದಾಗ ಹೇಗೋ ಎಂದು ಅಳುಕಿತ್ತು, ನಮ್ಮ ಮನೆಯಲ್ಲಿ ಆ ತಿಂಗಳು ಮೊಟ್ಟೆಯೂ ಇಲ್ಲ. ಅತ್ತೆ ದೇವರ ಗೂಡಿನ ಮುಂದೆ ನಿಂತು, ನನಗೆ ಕೇಳಿಸುವಂತೆಯೇ, "ಇವ್ಳದ್ ಒಂದು ನಿನ್ ಲೆಕ್ಕಕ್ಕೆ ಹಿಡೀಬ್ಯಾಡ ಕಣಪ್ಪ, ಇವ್ಳ ಕರುಳಿಗೆ ಬೈಪಾಸ್ ಆಗೈತೆ" ಎಂದು ಹೇಳಿ ಅನುಮತಿ ಪಡೆದುಕೊಂಡರು. ನಿಂಬೆ ನೀರು ಅವರದೇ. ಹಾಲು ಮಧ್ಯಾಹ್ನಕ್ಕೆ, ಸುಣ್ಣದ ಮಾತ್ರೆ ರಾತ್ರಿಗೆ. ಬೆಳಗಿನ ಕಾಫಿಗೆ ಕೈ ಹಾಕಿದರೆ, "ಎರಡ್ ಗಂಟೆ ಆಯ್ತಾ?" ಎಂಬ ಕೂಗು ಮನೆಯ ಯಾವ ಮೂಲೆಯಿಂದಲಾದರೂ ಬರುತ್ತಿತ್ತು. ಒಮ್ಮೆ ನಮ್ಮ ಮನೆಯವರು ಕಾಫಿ ಲೋಟ ಎತ್ತಿದಾಗಲೂ ಬಂತು. ಅವರು ಅಭ್ಯಾಸಬಲದಿಂದ ಕೆಳಗಿಟ್ಟರು.

ಗೌರಿ ಹಬ್ಬ ಹೋಯಿತು, ದಸರಾ ಹೋಯಿತು. ನಾನು ಬಸ್ಸು ಕಾಯುತ್ತಲೇ ಇದ್ದೆ. ಗಾಡಿಯ ಮೇಲೆ ಅತ್ತೆ ಹಳೆಯ ಸೀರೆಯೊಂದನ್ನು ಹೊದಿಸಿದ್ದರು, ಧೂಳು ಕೂರದ ಹಾಗೆ. ಒಂದು ಸಂಜೆ ನಾನು ಸೀಟಿನ ಮೇಲೆ ಸುಮ್ಮನೆ ಕೂತು ಹಾರ್ನ್ ಮುಟ್ಟಿ ನೋಡುತ್ತಿದ್ದಾಗ ಕಿಟಕಿಯಿಂದ ಮಾತು ಬಂತು: "ಕೂತ್ಕಂಡ್ರೆ ಓಡಲ್ಲ ಅದು. ಹೋಗಿ ನಿದ್ದೆ ಮಾಡು."

ದೀಪಾವಳಿಗೆ ಸ್ವಲ್ಪ ಮುಂಚೆ ರಕ್ತ ಕೊಟ್ಟು ಬಂದೆ. ವರದಿ ಫೋನಿಗೆ ಬಂತು. ಚುನಾವಣೆ ಫಲಿತಾಂಶವನ್ನೂ ನಾನು ಅಷ್ಟು ಅವಸರದಲ್ಲಿ ತೆರೆದು ನೋಡಿದ್ದಿಲ್ಲ. ಹಿಮೋಗ್ಲೋಬಿನ್ ಮೇಲೆ ಬಂದಿತ್ತು. ತೀರಾ ಮೇಲಲ್ಲ, ಆದರೆ ಡ್ರಿಪ್ ಬೇಡ, ಹೀಗೇ ಮುಂದುವರಿಸಿ ಎಂದು ಡಾಕ್ಟರು ಬರೆದಿದ್ದರು. ಗಾಡಿ ಓಡಿಸಬಹುದೇ ಎಂದು ಕೇಳಿದ್ದಕ್ಕೆ ಓಡಿಸಿ ಎಂದೂ ಬಂತು. ನಾನು ಓದಿ ಹೇಳಿದೆ. ಅತ್ತೆ ನಂಬಲಿಲ್ಲ. ಮಗನಿಂದ ಓದಿಸಿದರು. ಆ ಮಗನ ಮೇಲೆ ಈಗ ನಂಬಿಕೆ ಕಡಿಮೆಯಾಗಿದ್ದರಿಂದ ಫಾರ್ಮಸಿ ಓದುವ ಮೊಮ್ಮಗಳಿಗೂ ಕಳಿಸಿ, ಫೋನು ಮಾಡಿ ಓದಿಸಿದರು. ಮೂರು ಬಾಯಿಂದಲೂ ಒಂದೇ ಸುದ್ದಿ ಬಂದ ಮೇಲೆ ಸಂಚಿ ಬಿಚ್ಚಿದರು. ಸುಣ್ಣ ಮೆತ್ತಿದ ಕೀಲಿಕೈಯನ್ನು ಸೆರಗಿನಲ್ಲಿ ಒರೆಸಿದರು. ಕೊಡಲಿಲ್ಲ.

"ಎಲ್ಲಿಗೆ ಹೋಗ್ತೀಯಾ ಮೊದ್ಲು?"

"ಬೇಲೂರಿಗೆ."

"ಒಬ್ಳೇನಾ?"

"ಮತ್ತೆ?"

"ತಲೆ ತಿರುಗಿದ್ರೆ ಹಿಡ್ಕಳಕ್ಕೆ ಒಬ್ರು ಬ್ಯಾಡ್ವಾ? ನಾನೂ ಬತ್ತೀನಿ."

ಎಪ್ಪತ್ತು ದಾಟಿದ ನಮ್ಮತ್ತೆ ಅದುವರೆಗೂ ಯಾವ ಸ್ಕೂಟರನ್ನೂ ಹತ್ತಿದವರಲ್ಲ. ಹೆಲ್ಮೆಟ್ಟು ಅವರ ತುರುಬಿನ ಮೇಲೆ ಕೂರಲಿಲ್ಲ. ಅವರು ತುರುಬು ಬಿಚ್ಚಿ, ಹುಡುಗಿಯ ಹಾಗೆ ಜಡೆ ಹಾಕಿಕೊಂಡು, ಹೆಲ್ಮೆಟ್ಟು ಇಳಿಸಿದರು. ಒಂದೇ ಕಡೆಗೆ ಕಾಲಿಟ್ಟು ಕೂತು ನನ್ನ ಸೊಂಟ ಹಿಡಿದರು. "ಅಯ್ಯೋ, ಇಷ್ಟೇ ಆಗಿದ್ಯಲ್ಲೇ, ಕೈಗೇ ಸಿಗಲ್ವಲ್ಲ" ಎಂದರು. ಮೇಷ್ಟ್ರು ಗೇಟು ತೆಗೆದು, ತಾಯಿಗೂ ಹೆಂಡತಿಗೂ ಒಟ್ಟಿಗೆ ಬುದ್ಧಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾವು ಬೀದಿಯಲ್ಲಿದ್ದೆವು.

ಜಾವಗಲ್ಲಿನವರೆಗೆ ನಾನು ಅತಿ ಎಚ್ಚರದಿಂದ ಓಡಿಸಿದೆ. ರಾಗಿ ಹೊಲಗಳು ಕೊಯಿಲಿಗೆ ಬಂದಿದ್ದವು. ರಸ್ತೆ ಖಾಲಿ ಇತ್ತು. ಹಿಂದೆ ಸದ್ದೇ ಇರಲಿಲ್ಲ. ಹೆದರಿದ್ದಾರೆ ಅಂದುಕೊಂಡು ಇನ್ನೂ ನಿಧಾನ ಮಾಡಿದೆ. ತೆಂಗಿನಕಾಯಿ ಹೇರಿದ ಒಂದು ಟ್ರ್ಯಾಕ್ಟರು ನಮ್ಮನ್ನು ದಾಟಿ ಮುಂದೆ ಹೋಯಿತು. ಅದರ ಮೇಲೆ ಕೂತಿದ್ದ ಆಳು ತಿರುಗಿ ನೋಡಿ ಕೈ ಬೀಸಿದ.

ಅತ್ತೆ ನನ್ನ ಭುಜಕ್ಕೆ ಗುದ್ದಿದರು.

"ಏನೇ ಇದು? ಟ್ಯಾಕ್ಟ್ರು ನಮ್ಮನ್ನ ಹಿಂದಾಕದಾ? ಇದ್ಕಾ ಅಷ್ಟು ದಿನ ಮೂಳೆ ನುಂಗಿದ್ದು? ತಿರುವೇ!"

ನಾನು ಆಕ್ಸಿಲರೇಟರ್ ತಿರುವಿದೆ.